ನೆರೆ ಬರುವ ಮೊದಲು ಅಳೆಯಬೇಕಾದುದು

2018ರ ಆಗಸ್ಟ್ ತಿಂಗಳ ಮಹಾಪ್ರವಾಹದಲ್ಲಿ ಕೇರಳವು 400ಕ್ಕೂ ಹೆಚ್ಚು ಜೀವಗಳನ್ನು ಕಳೆದುಕೊಂಡಿತು. ನೀರು ಇಳಿದ ಬಳಿಕ ಮನೆಮನೆಯ ಹಾನಿಯನ್ನು ಶೇಕಡಾವಾರು ಅಳೆದು ಪರಿಹಾರ ನಿಗದಿಪಡಿಸಲಾಯಿತು. ಅದು ಆಗಿಹೋದ ನಷ್ಟದ ಲೆಕ್ಕ. ಆಗಬಹುದಾದ ನಷ್ಟವನ್ನು ಮುಂಚಿತವಾಗಿ ಅಂದಾಜಿಸುವುದು ಬೇರೆಯೇ ವಿದ್ಯೆ. ಚಂದ್ರಗಿರಿ, ಶಿರಿಯ, ಮಧುವಾಹಿನಿ ಹೊಳೆಗಳ ತಟದಲ್ಲಿ ಬಾಳುವ ಕಾಸರಗೋಡಿನ ಜನರಿಗೆ ಅದು ಅವಶ್ಯವಾದುದು.

ಒಂದೇ ನೆರೆಯಲ್ಲಿ ಅಕ್ಕಪಕ್ಕದ ಎರಡು ಕಟ್ಟಡಗಳ ಪೈಕಿ ಒಂದು ಉಳಿದು ಇನ್ನೊಂದು ಕುಸಿಯುವುದುಂಟು. ಇದಕ್ಕೆ ಮುಖ್ಯ ಕಾರಣಗಳು ಮೂರು.

ಮೊದಲನೆಯದು ಪಂಚಾಂಗದ ಎತ್ತರ. ಅಂಗಳದಲ್ಲಿ ಮೂರು ಅಡಿ ನೀರು ನಿಂತಾಗ, ಎರಡು ಅಡಿ ಪಂಚಾಂಗವಿರುವ ಕಟ್ಟಡದೊಳಗೆ ಬರುವುದು ಒಂದೇ ಅಡಿ. ಹಿಂದಿನ ನೆರೆ ಎಲ್ಲಿಯವರೆಗೆ ಏರಿತ್ತೆಂಬುದನ್ನು ಗೋಡೆಯ ಕಲೆಗಳೂ ಊರಿನ ಹಿರಿಯರೂ ತಿಳಿಸಬಲ್ಲರು.

ಎರಡನೆಯದು ಗೋಡೆಯ ಬಲ. ಹೊರಗಡೆ ಮಾತ್ರ 1 ಮೀಟರ್ ಆಳದ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 500 ಕಿಲೋಗ್ರಾಂ ಭಾರಕ್ಕೆ ಸಮನಾದ ಒತ್ತಡ ಬೀಳುತ್ತದೆ. ಆಳ 2 ಮೀಟರ್ ಆದರೆ ಅದು 2,000 ಕಿಲೋಗ್ರಾಂಗೆ ಏರುತ್ತದೆ. ಆಳ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ನೆನೆದ ಕೆಂಪುಕಲ್ಲಿನ ತಾಳಿಕೆ ಕುಗ್ಗುತ್ತದೆ. ಮಣ್ಣಿನ ಗಾರೆ ಕರಗುತ್ತದೆ. ಆದುದರಿಂದಲೇ ನೀರು ಇಳಿದ ಮೇಲೂ ಕೆಲವು ಗೋಡೆಗಳು ಬೀಳುತ್ತವೆ.

ಮೂರನೆಯದು ನೀರಿನ ವೇಗ. ಹರಿಯುವ ನೀರು ಕಟ್ಟಡದ ಮೂಲೆಗಳಲ್ಲಿ ಮಣ್ಣನ್ನು ಕೊರೆದು ಅಡಿಪಾಯವನ್ನು ಬಯಲುಮಾಡುತ್ತದೆ.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಕಟ್ಟಡದ ಸುರಕ್ಷತೆಯ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ರಕ್ಷಕ-ಶಿಕ್ಷಕ ಸಂಘವು ಅದೇ ಸಂದರ್ಭದಲ್ಲಿ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಪಂಚಾಂಗದ ಎತ್ತರವೆಷ್ಟು? ಗೋಡೆಯ ಬುಡದಲ್ಲಿ ಬಿರುಕಿದೆಯೇ? ವಿದ್ಯುತ್ ಸ್ವಿಚ್ಚುಗಳು ನೆರೆಯ ಗುರುತಿಗಿಂತ ಮೇಲಿವೆಯೇ? ದಾಖಲಾತಿ ಪುಸ್ತಕಗಳೂ ಗ್ರಂಥಾಲಯದ ಕನ್ನಡ ಪುಸ್ತಕಗಳೂ ಕೆಳಗಿನ ಕಪಾಟಿನಲ್ಲಿವೆಯೇ? ಅಳೆಯುವ ಕೆಲಸವನ್ನು ಮೇಲಿನ ತರಗತಿಯ ಮಕ್ಕಳೇ ಗಣಿತದ ಪಾಠವಾಗಿ ಮಾಡಬಲ್ಲರು. ಬಿರುಕುಗಳ ಪರೀಕ್ಷೆಯನ್ನು ಮಾತ್ರ ಇಂಜಿನಿಯರರಿಗೆ ಬಿಡಬೇಕು.

ಗಡಿನಾಡಿನಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಅರ್ಥವೂ ಇದೆ. ಕೋಣೆ ಬಳಕೆಗೆ ಬಾರದಂತಾದರೆ ಮಕ್ಕಳು ಬೇರೆ ಶಾಲೆಗೆ, ಬೇರೆ ಮಾಧ್ಯಮಕ್ಕೆ ಹೋಗಬೇಕಾದೀತು. ಬಿದ್ದ ಗೋಡೆಯನ್ನು ಒಂದು ಬೇಸಗೆಯಲ್ಲಿ ಕಟ್ಟಬಹುದು; ಚದುರಿದ ಕನ್ನಡ ತರಗತಿಯನ್ನು ಮರಳಿ ಕೂಡಿಸುವುದು ಅಷ್ಟು ಸುಲಭವಲ್ಲ.