ಬಳಗವಿಲ್ಲದ ಸ್ಕ್ರೂಜ್

ದೂರದರ್ಶನದ ‘ಡಕ್‌ಟೇಲ್ಸ್’ ನೋಡಿ ಬೆಳೆದವರಿಗೆ ಜಿಪುಣ ಬಾತುಕೋಳಿ ಸ್ಕ್ರೂಜ್ ಗೊತ್ತೇ ಇದ್ದಾನೆ. 2024ರಲ್ಲಿ ಮಾರ್ವೆಲ್ ಅವನ ಮೇಲೆ ‘ಅಂಕಲ್ ಸ್ಕ್ರೂಜ್ ಅಂಡ್ ದಿ ಇನ್ಫಿನಿಟಿ ಡೈಮ್’ ಕಾಮಿಕ್ಸ್ ತಂದಿತು. ಸೂಪರ್‌ಹೀರೋಗಳ ಸಮಾಂತರ ಲೋಕದ ಗೋಜಲು ಬಾತುಕೋಳಿಗಳಿಗೇಕೆ ಎಂದು ಕೆಲವು ಹಳೆಯ ಅಭಿಮಾನಿಗಳ ತಕರಾರು. ಅವರಿಗೆ ಆ ಸಲುಗೆ ಇದೆ. ಪುಸ್ತಕದಲ್ಲಿ ಹೆಸರೇ ಅಚ್ಚಾಗದ ಕಾಲದಲ್ಲಿ, ಸ್ಕ್ರೂಜ್‌ನನ್ನು ಸೃಷ್ಟಿಸಿದ ಕಾರ್ಲ್ ಬಾರ್ಕ್ಸ್ ಯಾರೆಂದು ಪತ್ತೆಹಚ್ಚಿದ್ದೇ ಅಭಿಮಾನಿಗಳು.

ಆದರೆ ಜೇಸನ್ ಆರನ್ ಬರೆದ ಈ ಕಥೆ ಬಾರ್ಕ್ಸ್‌ರನ್ನು ಮರೆತಿಲ್ಲ. 1947ರ ಮೊದಲ ಕಥೆಯಲ್ಲಿ ಒಂಟಿ ಮುದುಕ ಸ್ಕ್ರೂಜ್, ಅಳಿಯ ಡೊನಾಲ್ಡ್‌ನನ್ನೂ ಮೂವರು ಮರಿಗಳನ್ನೂ ಕ್ರಿಸ್‌ಮಸ್‌ಗೆ ಕರೆಯುತ್ತಾನೆ. ಆ ಬಳಗ ಕೂಡಿಬರದ ಲೋಕದ ಸ್ಕ್ರೂಜನೇ ಇಲ್ಲಿ ಖಳ. ಸ್ಕಾಟ್ಲೆಂಡ್ ಬಿಟ್ಟು ದುಡಿಯಲು ಹೊರಟ ಸ್ಕ್ರೂಜ್ ಕೂಡ ವಲಸಿಗನೇ. ಸಂಪಾದನೆಗೆಂದು ಊರು ಬಿಟ್ಟ ನಮಗೆ ಆ ಖಳ ಅಷ್ಟೇನೂ ಅಪರಿಚಿತನಲ್ಲ.