ನರಿ ಬೇಟೆ: ಅರ್ಧಕ್ಕೆ ನಿಂತ ನಿಷೇಧ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಗಳ ಹಿಂಡು ಬಿಟ್ಟು ನರಿ ಬೇಟೆಯಾಡುವುದು 2005ರ ಫೆಬ್ರುವರಿ 18ರಿಂದ ಅಪರಾಧ. ಆ ಕಾಯ್ದೆಯನ್ನು ಮೇಲ್ಮನೆ ಕೊನೆಯವರೆಗೂ ಒಪ್ಪಲಿಲ್ಲ. ಕೆಳಮನೆ ತನ್ನ ವಿಶೇಷಾಧಿಕಾರ ಚಲಾಯಿಸಿ 2004ರಲ್ಲಿ ಅದನ್ನು ದಡ ಮುಟ್ಟಿಸಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು ಸುಮಾರು ನಾಲ್ಕು ಲಕ್ಷ ಜನ ಲಂಡನ್ನಿನಲ್ಲಿ ಮೆರವಣಿಗೆ ನಡೆಸಿ ಗ್ರಾಮೀಣ ಬದುಕಿನ ಪರವಾಗಿ ದನಿ ಎತ್ತಿದ್ದರು. ಆಗ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಈ ಕಾಯ್ದೆಯ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಇಷ್ಟು ಕಾವೇರಿದ ಜಗಳದಲ್ಲಿ ಮೂಲ ಪ್ರಶ್ನೆಯೇ ಮರೆಯಾಗಿಬಿಡುತ್ತದೆ: ಈ ಬೇಟೆ ಇರುವುದು ನರಿಯನ್ನು ಕೊಲ್ಲುವುದಕ್ಕೋ, ಅಟ್ಟಾಡಿಸುವುದಕ್ಕೋ? ಅಟ್ಟಾಡಿಸುವುದಕ್ಕೇ ಎಂದು ಬೇಟೆಯ ವಿಧಾನವೇ ಹೇಳುತ್ತದೆ. ಅದಕ್ಕಾಗಿಯೇ ನಿಷೇಧ ನ್ಯಾಯವಾದದ್ದು. ಅದು ಅರ್ಧಕ್ಕೆ ನಿಂತಿರುವುದು ಸರಿಯಲ್ಲ.

ನರಿ ಕುರಿಮರಿಯನ್ನು, ಕೋಳಿಯನ್ನು ಹೊತ್ತೊಯ್ಯುವುದು ನಿಜ. ರೈತನ ಆ ನಷ್ಟವನ್ನು ಪೇಟೆಯಲ್ಲಿ ಕುಳಿತು ಹಗುರ ಮಾಡಬಾರದು. ಆದರೆ ನರಿಗಳ ಸಂಖ್ಯೆ ತಗ್ಗಿಸುವುದೇ ಗುರಿಯಾಗಿದ್ದರೆ ಕೆಲಸ ಬೇಗ ಮುಗಿಯುವ ದಾರಿಯನ್ನು ಹುಡುಕಬೇಕಿತ್ತು. ಬೇಟೆಗಾರರು ಮಾಡಿದ್ದು ಇದಕ್ಕೆ ತದ್ವಿರುದ್ಧ. ಓಟ ಬೇಗ ಮುಗಿಯದಂತೆ, ವೇಗಕ್ಕಿಂತ ದಮ್ಮು ಹೆಚ್ಚಿರುವ ಹೌಂಡ್ ನಾಯಿಗಳನ್ನು ತಲೆಮಾರುಗಳಿಂದ ಆಯ್ದು ಬೆಳೆಸಿದರು. ನರಿ ಹೊಕ್ಕು ಅಡಗದಿರಲೆಂದು ಅದರ ಬಿಲಗಳನ್ನು ಬೇಟೆಗೆ ಮೊದಲೇ ಮುಚ್ಚಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ನರಿಗಳು ಸಾಲದೆ ಬಂದಾಗ ಯುರೋಪಿನಿಂದ ಹಡಗಿನಲ್ಲಿ ತರಿಸಿ ಬಿಟ್ಟರು. ಅವು ಬಂದು ನೆಲೆಸಲೆಂದು ಕೃತಕ ಬಿಲಗಳನ್ನೂ ಕಟ್ಟಿದರು. ನಮ್ಮ ನೆರೆಯ ಊಟಿಯಲ್ಲೂ ಇದಕ್ಕೊಂದು ಸಾಕ್ಷ್ಯವಿದೆ: ಇಂಗ್ಲೆಂಡಿನ ಕೆಂಪು ನರಿ ನೀಲಗಿರಿಯಲ್ಲಿ ಇಲ್ಲದ್ದರಿಂದ ಬ್ರಿಟಿಷರು ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ನಮ್ಮ ಗುಳ್ಳೆನರಿಯನ್ನೇ ಅಟ್ಟಿದರು. ಸಮುದ್ರ ದಾಟಿ ಬಂದದ್ದು ಕುರಿಮರಿ ಉಳಿಸುವ ಕಾಳಜಿಯಲ್ಲ, ಅಟ್ಟುವ ಉತ್ಸಾಹ. ಇನ್ನು 2001ರಲ್ಲಿ ಜಾನುವಾರುಗಳಿಗೆ ಕಾಲುಬಾಯಿ ರೋಗ ಹರಡಿದಾಗ ಬ್ರಿಟನ್ನಿನಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಬೇಟೆ ನಿಂತುಹೋಗಿತ್ತು. ಆ ಅವಧಿಯನ್ನು ಅಭ್ಯಸಿಸಿದ ವಿಜ್ಞಾನಿಗಳು ನರಿಗಳ ಸಂಖ್ಯೆ ಏರಿದ್ದಕ್ಕೆ ಯಾವ ಪುರಾವೆಯನ್ನೂ ಕಾಣಲಿಲ್ಲ. ಅವರ ವರದಿ 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಕ್ರೌರ್ಯದ ಮಾತಿನಲ್ಲಿ ಅತಿಶಯೋಕ್ತಿ ಬೇಡ. ಸರ್ಕಾರವೇ ನೇಮಿಸಿದ್ದ ಲಾರ್ಡ್ ಬರ್ನ್ಸ್ ಸಮಿತಿ 2000ನೇ ಇಸವಿಯ ವರದಿಯಲ್ಲಿ, ನಾಯಿಗಳ ಬಾಯಿಗೆ ಸಿಕ್ಕ ನರಿ ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಸಾಯುತ್ತದೆಂದು ಒಪ್ಪಿಕೊಂಡಿತು. ಹಾಗಿದ್ದೂ ಈ ಬೇಟೆ ನರಿಯ ಕ್ಷೇಮಕ್ಕೆ ಗಂಭೀರ ಧಕ್ಕೆ ತರುತ್ತದೆಂದೇ ತೀರ್ಮಾನಿಸಿತು. ಸಂಕಟವಿರುವುದು ಕೊನೆಯ ಕ್ಷಣಕ್ಕಿಂತ ಅದಕ್ಕೆ ಮುಂಚಿನ ಓಟದಲ್ಲಿ. ನೆಲದೊಳಗೆ ನುಗ್ಗಿದ ನರಿಯ ಮೇಲೆ ಟೆರಿಯರ್ ನಾಯಿ ಬಿಟ್ಟು ಅಗೆದು ತೆಗೆಯುವುದರಲ್ಲಿ. ಗುಂಡು ಹೊಡೆದರೆ ಗಾಯಗೊಂಡ ನರಿ ದಿನಗಟ್ಟಲೆ ನರಳೀತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಸಮಿತಿಗೂ ಆ ಅಳುಕಿತ್ತು. ಆದರೆ ರಾತ್ರಿ ದೀಪದ ಬೆಳಕಲ್ಲಿ, ಪಳಗಿದ ಕೈ ರೈಫಲ್ಲಿನಿಂದ ಹೊಡೆಯುವುದು ನರಿಗೆ ನಾಯಿಗಳ ಬೇಟೆಗಿಂತ ಕಡಿಮೆ ನೋವಿನದು ಎಂದು ಅದೇ ಸಮಿತಿ ಹೇಳಿತು. ದೀಪ ಹಿಡಿದು ಹೋಗಲಾಗದ ಗುಡ್ಡಗಾಡಿನ ಕಷ್ಟಕ್ಕೂ ಕಾಯ್ದೆಯಲ್ಲಿ ಜಾಗವಿದೆ: ಷರತ್ತುಗಳಿಗೆ ಒಳಪಟ್ಟು ಎರಡು ನಾಯಿಗಳಿಂದ ನರಿಯನ್ನು ಹೊರಡಿಸಿ ಗುಂಡಿಕ್ಕಬಹುದು. ಕಾಡಿನಲ್ಲಿ ತೋಳ ಬೇಟೆಯಾಡುವುದಿಲ್ಲವೇ ಎನ್ನುವವರಿದ್ದಾರೆ. ತೋಳಕ್ಕೆ ಹಸಿವಿದೆ, ಬೇರೆ ದಾರಿಯಿಲ್ಲ. ಕುದುರೆ ಏರಿ ನಾಯಿಗಳ ಹಿಂದೆ ಹೊರಟ ಬೇಟೆಗಾರನಿಗೆ ಎರಡೂ ಅನ್ವಯಿಸುವುದಿಲ್ಲ.

ಸಂಪ್ರದಾಯದ ವಾದ ತೋಳದ ಹೋಲಿಕೆಗಿಂತ ಗಟ್ಟಿ. ಚಳಿಗಾಲದಲ್ಲಿ ಊರುಗಳನ್ನು ಒಂದೆಡೆ ಸೇರಿಸುತ್ತಿದ್ದ ಕೂಟ, ಲಾಯದವರ, ಲಾಳ ಕಟ್ಟುವವರ ದುಡಿಮೆ, ಇವೆಲ್ಲ ಬೆಲೆಯುಳ್ಳವೇ. ಕಂಬಳದ ವಾಗ್ವಾದವನ್ನು ಕೇಳಿದ ಕನ್ನಡಿಗರಿಗೆ ಈ ಭಾವನೆ ಅಪರಿಚಿತವಲ್ಲ. ಆದರೆ ಇಂಗ್ಲೆಂಡ್ 1835ರಲ್ಲೇ ಗೂಳಿಯನ್ನು ಕಟ್ಟಿಹಾಕಿ ನಾಯಿ ಛೂಬಿಡುವ ಆಟವನ್ನೂ ಕೋಳಿಅಂಕವನ್ನೂ ಕಾನೂನಿನಿಂದ ನಿಲ್ಲಿಸಿತು. ಅವು ಬಡವರಿಗೂ ಎಟುಕುತ್ತಿದ್ದ ಮನರಂಜನೆಗಳು, ಅವಕ್ಕೂ ಶತಮಾನಗಳ ಹಿನ್ನೆಲೆಯಿತ್ತು. ಜಮೀನ್ದಾರರ ವಿನೋದ ಮಾತ್ರ ಇನ್ನೂ 170 ವರ್ಷ ಬಾಳಿತು. ಈ ನಿಷೇಧವನ್ನು ವರ್ಗದ್ವೇಷ ಎನ್ನುವವರು ಆ 170 ವರ್ಷಗಳ ರಿಯಾಯಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲದೆ ಕೂಟವನ್ನು ಉಳಿಸಿಕೊಳ್ಳಲು ನರಿ ಸಾಯಬೇಕಾಗಿಯೂ ಇಲ್ಲ. ನೆಲದ ಮೇಲೆ ಕೃತಕ ವಾಸನೆ ಎಳೆದು, ಗೊತ್ತುಪಡಿಸಿದ ಹಾದಿಯಲ್ಲಿ ನಾಯಿ, ಕುದುರೆಗಳನ್ನು ಓಡಿಸುವ ಡ್ರ್ಯಾಗ್ ಹಂಟಿಂಗ್ ಅಲ್ಲಿ ಹತ್ತೊಂಬತ್ತನೇ ಶತಮಾನದಿಂದಲೇ ಇದೆ.

ನಿಷೇಧದ ನಂತರ ಹುಟ್ಟಿದ ಟ್ರೇಲ್ ಹಂಟಿಂಗ್ ಬೇರೆಯದೇ ಬಗೆ. ಇಲ್ಲಿ ಎಳೆಯುವುದು ಬಹುಮಟ್ಟಿಗೆ ಪ್ರಾಣಿಮೂಲದ ವಾಸನೆ, ಅದೂ ನರಿ ಓಡಾಡುವ ಜಾಗದಲ್ಲಿ. ಹಾದಿ ಎಲ್ಲಿದೆಯೆಂದು ನಾಯಿ ನಡೆಸುವವನಿಗೂ ಎಷ್ಟೋ ಸಲ ಹೇಳಿರುವುದಿಲ್ಲ. ನಾಯಿಗಳು ಜೀವಂತ ನರಿಯ ಬೆನ್ನು ಹತ್ತಿದರೆ ಅದು ಆಕಸ್ಮಿಕ ಎನ್ನಬಹುದು. ಉದ್ದೇಶಪೂರ್ವಕ ಎಂದು ಸಾಬೀತುಪಡಿಸುವ ಭಾರ ಪ್ರಾಸಿಕ್ಯೂಷನ್ ಮೇಲಿರುವುದರಿಂದ ಕಾಯ್ದೆ ಇಲ್ಲೇ ಸೋರುತ್ತದೆ. 2021ರಲ್ಲಿ ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ತನ್ನ ಜಮೀನುಗಳಲ್ಲಿ ಇದನ್ನು ನಿಲ್ಲಿಸಿತು. ಸ್ಕಾಟ್ಲೆಂಡ್ 2023ರ ಕಾಯ್ದೆಯಲ್ಲಿ ನಿಷೇಧಿಸಿತು. ಲೇಬರ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ಇಂಗ್ಲೆಂಡಿಗೂ ಅದೇ ಮಾತು ಕೊಟ್ಟಿತು. ಆ ಮಾತಿಗೆ ಅರ್ಥ ಬರಬೇಕಾದರೆ ಪ್ರಾಣಿಮೂಲದ ವಾಸನೆಯ ಬಳಕೆ ನಿಲ್ಲಬೇಕು, ಹಾದಿಯನ್ನು ಮೊದಲೇ ದಾಖಲಿಸಬೇಕು, ನಾಯಿಗಳು ನರಿಯ ಹಿಂದೆ ಬೀಳದಂತೆ ನೋಡಿಕೊಳ್ಳುವ ಹೊಣೆ ತಂಡದ್ದೇ ಆಗಬೇಕು. ಸವಾರಿಯಷ್ಟೇ ಬೇಕೆನ್ನುವವರಿಗೆ ಇದರಿಂದ ಏನೂ ನಷ್ಟವಿಲ್ಲ. ನರಿಯ ವಾಸನೆಯೇ ಬೇಕೆನ್ನುವವರು ಅದು ಯಾತಕ್ಕೆಂದು ಸಂಸತ್ತಿಗೆ ವಿವರಿಸಲಿ.