ಮೀನಿಗೆ ಮೊದಲು ನೀರು

ನಾಗಸಂದ್ರದಂತಹ ಬಡಾವಣೆಗಳಲ್ಲಿ ಗಾಜಿನ ತೊಟ್ಟಿಗೆ ಪುಟ್ಟ ಗೋಬಿ ಮೀನನ್ನು ತರುವವರು ಮೊದಲು ನೀರನ್ನು ಸಿದ್ಧಪಡಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಗೋಬಿಯ ಹೊಟ್ಟೆಯಡಿಯ ಎರಡು ರೆಕ್ಕೆಗಳು ಕೂಡಿ ಬಟ್ಟಲಿನಂತಾಗಿವೆ. ಅದರಿಂದ ಕಲ್ಲಿಗಂಟಿ ಅದು ತಳದಲ್ಲಿಯೇ ಬಾಳುತ್ತದೆ. ಮೀನಿನ ವಿಸರ್ಜನೆಯಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯಾ ಅದಕ್ಕೆ ವಿಷ. ಇದನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ತೊಟ್ಟಿಯಲ್ಲಿ ನೆಲಸಲು ಕೆಲವು ವಾರಗಳು ಬೇಕು. ನಲ್ಲಿಯ ನೀರಾದರೆ ಕ್ಲೋರೀನನ್ನೂ ಹೋಗಲಾಡಿಸಬೇಕು.

ಕೊಳವೆಬಾವಿಯ ನೀರಾದರೆ ಇನ್ನೂ ಹೆಚ್ಚಿನ ಎಚ್ಚರಿಕೆ ಅವಶ್ಯ. ನೆರೆಯ ಪೀಣ್ಯದ ಅಂತರ್ಜಲದಲ್ಲಿ ಕೈಗಾರಿಕೆಗಳ ಕ್ರೋಮಿಯಂ ಕಂಡುಬಂದಿದೆ. ಆದುದರಿಂದ ಪರೀಕ್ಷಿಸದ ನೀರನ್ನು ತೊಟ್ಟಿಗೆ ತುಂಬಲಾಗದು. ಆ ಪರೀಕ್ಷೆಯ ಪ್ರಯೋಜನವು ಮೀನಿಗೆ ಮಾತ್ರವಲ್ಲದೆ, ಅದೇ ನೀರನ್ನು ಬಳಸುವ ಮನೆಯವರಿಗೂ ಉಂಟೆಂಬುದನ್ನು ವಾಚಕರು ಗಮನಿಸಬೇಕೆಂದು ಕೋರುತ್ತೇವೆ.